ಎಕ್ಕೆ ಹಾಲಿನ ಅಂಟು

ಕಸ್ತೂರಿಬಾಯಿ ಟೀಚರ್ ಕೈಗೆ ಸಿಕ್ಕ ವಸ್ತು ತಿಪ್ಪೆ ಕಂಡದ್ದೇ ಇಲ್ಲ ಎಂದು ಕಮಲಾಪುರದ ಆ ಶಾಲೆಯಲ್ಲಿ ಒಂದು ಮಾತಿತ್ತು. ಕುಡಿದು ಬಿಸಾಡಿದ ಚಹಾದ ಕಪ್ಪು, ಮುಗಿದ ಮದುವೆಯ ಕಾರ್ಡು, ಗುಳಿಗೆ ತಿಂದ ಮೇಲೆ ಉಳಿದ ಬೆಳ್ಳಿ ಹಾಳೆ, ಹರಿದ ಗೋಣಿ, ಎಲ್ಲ ಅವಳ ಚೀಲ ಸೇರುತ್ತಿದ್ದವು. ಕಲಬುರಗಿಯ ಖೂಬಾ ಪ್ಲಾಟಿನಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವ ಈ ಚಿತ್ರಕಲಾ ಶಿಕ್ಷಕಿ, ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ದಿನದಿಂದ ಕಂಡಕ್ಟರ್ ಕೊಟ್ಟ ಸೊನ್ನೆ ರೂಪಾಯಿಯ ಟಿಕೇಟುಗಳನ್ನೂ ಒಂದು ಬಿಡದೆ ಕೂಡಿಸಿಟ್ಟಿದ್ದಳು. "ಸೊನ್ನಿಗೂ ಬೆಲಿ ಕಟ್ಟೋ ಹೆಣ್ಣುಮಗಳು" ಎಂದು ಹೆಡ್‌ಮಾಸ್ಟರ್ ಹಣಮಂತರಾಯರು ನಗುತ್ತಿದ್ದರು. ಅವಳಿಗೆ ಅದು ಹೊಗಳಿಕೆಯಾಗಿಯೇ ಕೇಳುತ್ತಿತ್ತು. ಐವತ್ತೆರಡು ವಯಸ್ಸು, ಇಪ್ಪತ್ತೆಂಟು ವರ್ಷದ ಸರ್ವೀಸು. ತನಗೆ ಗೊತ್ತಿಲ್ಲದ್ದು ಇನ್ನೇನು ಉಳಿದಿದೆ ಎಂಬ ಭಾವ ಯಾರಿಗಾದರೂ ಬರುವ ವಯಸ್ಸೇ ಅದು.

ಆ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಮಕ್ಕಳ ಕಲಾ ಪ್ರದರ್ಶನ ನಿಗದಿಯಾಯಿತು. ಪ್ರತಿ ಮಗುವೂ ಚಿತ್ರಡೈರಿಯ ಒಂದು ಹಾಳೆ ಮಾಡಬೇಕು, ತನ್ನ ಒಂದು ದಿನವನ್ನು ಅದರಲ್ಲಿ ಕಾಣಿಸಬೇಕು. ರದ್ದಿ ಮತ್ತು ಗಿಡಮರದಿಂದ ಸಿಕ್ಕಿದ್ದು ಬಿಟ್ಟರೆ ಬೇರೇನೂ ಬಳಸುವಂತಿಲ್ಲ. ಅಂಗಡಿಯ ಬಣ್ಣವೂ ಇಲ್ಲ, ಅಂಗಡಿಯ ಗೋಂದೂ ಇಲ್ಲ. ನಿಯಮ ಓದಿ ಉಳಿದ ಶಾಲೆಯವರು ತಲೆ ಕೆರೆದುಕೊಂಡರೆ ಕಸ್ತೂರಿಬಾಯಿಗೆ ಹಬ್ಬ ಬಂದಂತಾಯಿತು. ಬಣ್ಣಕ್ಕೆ ಅರಿಷಿಣ, ಇಟ್ಟಂಗಿ ಪುಡಿ, ಪಾಲಕದ ರಸ ತಯಾರಾದವು.

ಎಂಟನೇ ತರಗತಿಯ ಹಾಳೆಗಳಲ್ಲಿ ಎದ್ದು ಕಂಡದ್ದು ರಮಾಬಾಯಿಯದು. ಅಪ್ಪ ಅವ್ವ ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದರಿಂದ ಈ ಹುಡುಗಿ ಕಮಲಾಪುರದಲ್ಲಿ ತನ್ನ ಆಯಿ, ಅಂದರೆ ಅಜ್ಜಿ, ಭೀಮಬಾಯಿಯ ಹತ್ತಿರ ಬೆಳೆಯುತ್ತಿದ್ದಳು. ಭೀಮಬಾಯಿ ಕೆಂಪು ಬಾಳೆಯ ತೋಟಗಳಲ್ಲಿ ಕೂಲಿ ಮಾಡುವವಳು. ಹಾಳೆಯ ತುಂಬ ರಮಾ ಆಯಿಯನ್ನೇ ಮಾಡಿದ್ದಳು. ಸಾಬೂನಿನ ಡಬ್ಬಿಯ ರಟ್ಟಿನ ಮೇಲೆ ಜೋಳದ ಹೊಟ್ಟು ಉದುರಿಸಿ ನೆಲ, ಒಣಗಿದ ತೊಗರಿಕಾಯಿಯ ಸಿಪ್ಪೆ ನಿಲ್ಲಿಸಿ ಬೇಲಿ, ಟೀಚರ್ ಕೊಟ್ಟ ಸೊನ್ನೆ ಟಿಕೇಟು ಹರಿದು ಜೋಡಿಸಿ ಆಕಾಶ. ಆಯಿಯ ಸೀರೆಗೆ ಕೆಂಪು ಬಾಳೆಯ ಸಿಪ್ಪೆಯನ್ನು ಪುಸ್ತಕದ ನಡುವೆ ಒತ್ತಿ ಒಣಗಿಸಿದ್ದಳು. ಕೂದಲಿಗೆ ಗೋಣಿಯ ನಾರು. ಮುಖದ ಜಾಗವೊಂದು ಖಾಲಿ ಇತ್ತು.

"ಆಯಿ ಮಾರಿ ಕಡೀಗ ಮಾಡ್ತೀನ್ರಿ ಟೀಚರ್. ಒಂದು ಅರಳಿ ಎಲಿ ನೀರಾಗ ನೆನಸಿಟ್ಟೀನಿ. ಬರೇ ನರ ಉಳೀಬೇಕು. ಆಯಿ ಮಾರಿ ಹಂಗೇ ಅದ, ಬರೇ ಗೆರಿ" ಎಂದಿದ್ದಳು ರಮಾ. ಕಸ್ತೂರಿಬಾಯಿಗೆ ಆ ಹುಡುಗಿಯನ್ನು ಎತ್ತಿ ಮುದ್ದಾಡಬೇಕು ಅನ್ನಿಸಿತ್ತು. ಇಷ್ಟು ವರ್ಷದಲ್ಲಿ ಇಂಥದೊಂದು ಕೈ ಅವಳ ತರಗತಿಗೆ ಬಂದಿರಲಿಲ್ಲ.

ತೊಡಕಾದದ್ದು ಅಂಟಿನದು. ಹೋದ ವರ್ಷ ಜೋಳದ ಹಿಟ್ಟು ಕುದಿಸಿ ಅಂಟು ಮಾಡಿದ್ದರು. ಹದಿನಾಲ್ಕು ಹಾಳೆಗಳನ್ನು ಹೆಡ್‌ಮಾಸ್ಟರರ ಕಪಾಟಿನಲ್ಲಿಟ್ಟರೆ ಒಂದೇ ವಾರದಲ್ಲಿ ಇಲಿಗಳು ರೊಟ್ಟಿ ತಿಂದಂತೆ ತಿಂದು ಮುಗಿಸಿದ್ದವು. ಈ ಸಲ ಇಲಿ ಇರುವೆ ಮೂಸಿಯೂ ನೋಡದ ಅಂಟು ಬೇಕು ಎಂದು ಯೋಚಿಸುತ್ತಿದ್ದವಳಿಗೆ ಒಂದು ಶನಿವಾರ ಅದು ಹೊಳೆಯಿತು. ಪ್ರತಿ ಶನಿವಾರ ಬಸ್ಸು ಹತ್ತುವ ಮೊದಲು ಅವಳು ಹಣಮಂತದೇವರಿಗೆ ಎಕ್ಕೆ ಎಲೆಯ ಮಾಲೆ ಹಾಕಿ ಬರುವುದು ರೂಢಿ. ಅಂದು ಮಾಲೆ ಕಟ್ಟುವಾಗ ಬೆರಳಿಗೆ ಹತ್ತಿದ ಹಾಲು ಬಸ್ಸು ಕಮಲಾಪುರ ಮುಟ್ಟಿದರೂ ಬಿಟ್ಟಿರಲಿಲ್ಲ, ಎರಡು ಬೆರಳು ಕೂಡಿಕೊಂಡೇ ಇದ್ದವು. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ, ಆದರೆ ಹಸಿ ಎಕ್ಕೆಗೆ ಆ ಆಡೂ ಮೂತಿ ತಿರುವುತ್ತದೆ. ಆಡು ಯಾಕೆ ತಿರುವುತ್ತದೆ ಎಂದು ಟೀಚರಮ್ಮ ಒಂದು ಗಳಿಗೆ ಯೋಚಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಶಾಲೆಯ ಗೋಡೆಯ ಹಿಂದೆ ಎಕ್ಕೆ ಪೊದೆಗಳು ಬೇಕಾದಷ್ಟಿದ್ದವು. ಅಂದೇ ಮಕ್ಕಳನ್ನು ಕರೆದುಕೊಂಡು ಹೋದಳು. ದಂಟು ಮುರಿದರೆ ಹಾಲು ಬೆಳ್ಳಗೆ ಇಳಿಯುತ್ತಿತ್ತು. ಬಾಟಲಿ ಮುಚ್ಚಳಗಳಲ್ಲಿ ಹಿಡಿದು ಮಕ್ಕಳು ಹಚ್ಚತೊಡಗಿದರು. ರಮಾ ಒಬ್ಬಳೇ ಕೈ ಹಿಂದೆ ಕಟ್ಟಿ ನಿಂತಿದ್ದಳು.

"ಯಾಕವ್ವ, ನೀ ಯಾಕ್ ಸುಮ್ನ ನಿಂತಿ?"

"ಟೀಚರ್, ನಮ್ಮಾಯಿ ಎಕ್ಕಿ ಹಾಲ ಮುಟ್ಟಬ್ಯಾಡ ಅಂತಾಳ್ರಿ. ಕೆಟ್ಟದ್ದಂತ್ರಿ."

ಕಸ್ತೂರಿಬಾಯಿ ಗಟ್ಟಿಯಾಗಿ ನಕ್ಕಳು. "ಏ ಹುಚ್ಚಿ, ಇವತ್ತ ಮುಂಜಾನಿ ಹಣಮಂದೇವ್ರಿಗೆ ಇದರದೇ ಮಾಲಿ ಹಾಕಿ ಬಂದೀನಿ. ದೇವರ ಕೊರಳಿಗೆ ಏರೋದು ನಿನಗೇನ್ ಮಾಡ್ತದ?"

ತರಗತಿಯೆಲ್ಲ ನಕ್ಕಿತು. ರಮಾ ಕೂಡ ನಕ್ಕಳು. ನಾಚಿಕೆಯಾದ ಮಕ್ಕಳು ನಗುವ ರೀತಿ ಅದು. ಆಮೇಲೆ ಹೋಗಿ ಒಂದು ದಪ್ಪ ದಂಟು ಹಿಡಿದು, ಅರಳಿ ಎಲೆಯ ಮುಖವನ್ನು ಅಂಟಿಸಲು ಹಾಳೆಯ ಮೇಲೆ ಬಗ್ಗಿ, ಟಪ್ಪನೆ ಮುರಿದಳು. ಹಾಲು ಸಿಡಿದು ಎಡಗಣ್ಣಿಗೆ ಬಿತ್ತು.

ಕಸ್ತೂರಿಬಾಯಿಯೇ ಬೋರಿಂಗಿನ ಹತ್ತಿರ ಕರೆದೊಯ್ದು ನೀರು ಎರಚಿದಳು. "ಉರೀಲಾಕತ್ತದೇನ?"

"ಮೊದಲ್ ಚುರುಕ್ ಅಂತ್ರಿ. ಈಗ ಏನಿಲ್ರಿ."

ಏನಿಲ್ಲ ಎಂದ ಮೇಲೆ ಏನಿಲ್ಲ. ಹುಡುಗಿ ಅಳಲೂ ಇಲ್ಲ. ಗಡಿಬಿಡಿಯಲ್ಲಿ ಅರಳಿ ಎಲೆ ಎಲ್ಲೋ ಹಾರಿಹೋಗಿತ್ತು. ಮುಖ ಆಮೇಲೆ ನೋಡಿದರಾಯಿತು ಎಂದು, ರಮಾಳ ಹಾಳೆಯ ಉಳಿದ ತುಣುಕುಗಳನ್ನು ಅದೇ ಹಾಲಿನಿಂದ ತಾನೇ ಅಂಟಿಸಿ, ಹಾಳೆಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಟೀಚರ್ ಮಧ್ಯಾಹ್ನದ ಬಸ್ಸು ಹಿಡಿದಳು.

ಸೋಮವಾರ ರಮಾ ಶಾಲೆಗೆ ಬರಲಿಲ್ಲ. ಮಂಗಳವಾರ ಭೀಮಬಾಯಿ ಅವಳನ್ನು ಕೈಹಿಡಿದು ಹೆಡ್‌ಮಾಸ್ಟರರ ಕೋಣೆಗೆ ಕರೆತಂದಳು. ಎಡಗಣ್ಣು ಕೆಂಪಾಗಿತ್ತು, ಕರಿಗುಡ್ಡೆಯ ಮೇಲೆ ಬೂದಿ ಬಣ್ಣದ ಮಬ್ಬು ಕೂತಿತ್ತು.

"ನಿನ್ನಿಯಿಂದ ಈ ಕಣ್ಣಿಗೆ ಮಂಜ ಮುಸುಕಿದಂಗ ಕಾಣ್ತದ ಅಂತಾಳ್ರಿ ಸಾಹೇಬ್ರ. ನೋವಿಲ್ಲ ಅಂತಾಳ. ಸಾಲ್ಯಾಗ ಏನರೆ ಬಿತ್ತೇನ್ರಿ?" ಎಂದು ಕೇಳಿದಳು ಭೀಮಬಾಯಿ.

ಹಣಮಂತರಾಯರು ಸಹಜವಾಗಿಯೇ ಟೀಚರ್ ಕಡೆ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವಂತೆ ಕಸ್ತೂರಿಬಾಯಿಯ ಕೈ ತನ್ನ ಸೆರಗಿಗೆ ಹೋಯಿತು. ಒಂದೇ ಕ್ಷಣದಲ್ಲಿ ಇಪ್ಪತ್ತೆಂಟು ವರ್ಷದ ಹೆಸರು, ಇಲಾಖೆಯ ನೋಟೀಸು, ಪೇಪರಿನ ಸುದ್ದಿ ಎಲ್ಲ ಕಣ್ಣಮುಂದೆ ಬಂದವು. ಬಾಯಿ ತಾನಾಗಿಯೇ ಆಡಿತು.

"ಧೂಳ ಇರಬೇಕ್ರಿ ಸರ್. ಶನಿವಾರ ಹುಡುಗ್ರು ಬಯಲಾಗ ಓಡ್ಯಾಡಾಕತ್ತಿದ್ರು, ಗಾಳಿನೂ ಇತ್ತು. ಧೂಳ ಬಿದ್ದದ್ದು ನಾನೇ ನೋಡೀನಿ."

ಹಣಮಂತರಾಯರು ಹುಡುಗಿಯ ಕಡೆ ತಿರುಗಿದರು. "ಹೌದೇನವ್ವ?"

ರಮಾ ಒಳ್ಳೆಯ ಕಣ್ಣಿನಿಂದ ಟೀಚರನ್ನು ನೋಡಿದಳು. ಟೀಚರ್ ನೆಲ ನೋಡಿದಳು.

"ಹೌದ್ರಿ ಸರ್. ಧೂಳ್ರಿ" ಎಂದಳು ಹುಡುಗಿ.

ಆ ಗಳಿಗೆಯಲ್ಲಿ ಕಸ್ತೂರಿಬಾಯಿಗೆ ಆದದ್ದು ಸಮಾಧಾನ. ಅದನ್ನು ಮುಚ್ಚಿಟ್ಟು ಹೇಳಿ ಪ್ರಯೋಜನವಿಲ್ಲ. ನಾಚಿಕೆ ಬಂದದ್ದು ಆಮೇಲೆ, ಸಂಜೆಯ ಬಸ್ಸಿನಲ್ಲಿ, ಕಂಡಕ್ಟರ್ ಸೊನ್ನೆ ಟಿಕೇಟು ಕೈಗೆ ಕೊಟ್ಟಾಗ. ಮೊದಲ ಸಲ ಅವಳು ಅದನ್ನು ಕಿಟಕಿಯಿಂದ ಹೊರಗೆ ಬಿಟ್ಟಳು.

ಕಮಲಾಪುರದ ದವಾಖಾನೆಯಲ್ಲಿ ಧೂಳಿಗೆ ಹಾಕುವ ಹನಿ ಕೊಟ್ಟರು. ಬುಧವಾರ ಹಾಗೇ ಇತ್ತು, ಗುರುವಾರ ಮಬ್ಬು ಹೆಚ್ಚಾಯಿತು ಎಂಬ ಸುದ್ದಿ ಮಕ್ಕಳ ಬಾಯಿಂದ ಬಂತು. ಕಸ್ತೂರಿಬಾಯಿಗೆ ಸತ್ಯ ಬಿಸಿತುಪ್ಪವಾಗಿತ್ತು, ಉಗುಳಲೂ ಆಗದು ನುಂಗಲೂ ಆಗದು. ಫೋನಿನಲ್ಲಿ 'ಎಕ್ಕೆ ಹಾಲು ಕಣ್ಣು' ಎಂದು ಬರೆದಳು, ಹುಡುಕದೆ ಅಳಿಸಿದಳು. ಗೊತ್ತಾಗದಿದ್ದರೆ ಸುಳ್ಳು ಸಣ್ಣದಾಗಿ ಉಳಿಯುತ್ತದೆ ಎಂಬ ಲೆಕ್ಕ ಅವಳದು. ಓದಿದವರ ದಡ್ಡತನಕ್ಕೆ ಔಷಧವಿಲ್ಲ.

ಶುಕ್ರವಾರ ಪ್ರದರ್ಶನ. ಶರಣಬಸವೇಶ್ವರ ದೇವಸ್ಥಾನದ ಹತ್ತಿರದ ಸಭಾಂಗಣವೊಂದರಲ್ಲಿ ಹಾಳೆಗಳನ್ನು ಹಗ್ಗಕ್ಕೆ ಕ್ಲಿಪ್ಪು ಹಾಕಿ ತೂಗುಬಿಟ್ಟಿದ್ದರು. ರಮಾಳ ಹಾಳೆಯ ಮುಂದೆಯೇ ಜನ. ದೂರದ ಊರಿಂದ ಬಂದ ಕಲಾವಿದರೊಬ್ಬರು ಕನ್ನಡಕ ಏರಿಸಿ ಇಳಿಸಿ ನೋಡಿದರು.

"ಮುಖವೇ ಇಲ್ಲದ ಕೂಲಿ ಹೆಂಗಸು! ಎಂಥ ಅರ್ಥ ತುಂಬಿದಾಳೆ ಈ ಮಗು! ಬೇಕಂತಲೇ ಮುಖ ಬಿಟ್ಟಿದಾಳೆ, ಅಲ್ವಾ?"

ಉತ್ತರಕ್ಕೆ ಅವರು ಕಾಯಲಿಲ್ಲ. ಅವರೇ ಹಾಳೆಯ ಅಂಚನ್ನು ಉಗುರಿನಿಂದ ಮೆಲ್ಲಗೆ ತಟ್ಟಿ ಮತ್ತೆ ಕೇಳಿದರು: "ಇದು ಯಾವ ಅಂಟು ಮೇಡಂ? ಒಣಗಿ ಹೇಗೆ ಹಿಡಿದುಕೊಂಡಿದೆ ನೋಡಿ."

ಅಷ್ಟರಲ್ಲಿ ಚೀಲದಲ್ಲಿ ಫೋನು ಬಡಿದುಕೊಂಡಿತು. ಹಣಮಂತರಾಯರು. "ಟೀಚರ್, ಆ ಭೀಮಬಾಯಿ ಮೊಮ್ಮಗಳನ್ನ ಕರಕೊಂಡು ಅಲ್ಲೇ ಕಲಬುರಗಿಗಿ ಬಂದಾಳ. ಕಣ್ಣಿನ ದವಾಖಾನಿಗಿ. ಆ ಕಣ್ಣಿಗಿ ಏನೂ ಕಾಣ್ದಂಗ ಆಗ್ಯಾದಂತ. ಅಕಿಗಿ ಸಿಟಿ ಗೊತ್ತಿಲ್ಲ, ಸಾಧ್ಯ ಆದ್ರ ಸ್ವಲ್ಪ ಹೋಗಿ ನೋಡ್ರಿ."

ಅವಳು ಹಗ್ಗದಿಂದ ಹಾಳೆಯನ್ನು ಕಿತ್ತುಕೊಂಡಳು. ಯಾರೋ "ಮೇಡಂ, ಮೇಡಂ" ಎಂದು ಕೂಗಿದರು. ಆಟೋ ಹತ್ತಿದ ಮೇಲೂ ತಾನು ನಿಜ ಹೇಳುತ್ತೇನೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಹಾಳೆಯನ್ನು ಯಾಕೆ ತಂದೆ ಎಂಬುದೂ ಗೊತ್ತಿರಲಿಲ್ಲ.

ಕಣ್ಣಿನ ಡಾಕ್ಟರ್ ಅಂಬರೀನ್ ಎಂಬ ಚಿಕ್ಕ ವಯಸ್ಸಿನವರು. ಕಸ್ತೂರಿಬಾಯಿ ಪರದೆ ಸರಿಸಿ ಒಳಗೆ ಹೋದಾಗ ಅವರು ರಮಾಳ ಗದ್ದವನ್ನು ಯಂತ್ರದ ಮೇಲಿರಿಸಿ, ಕಣ್ಣಿಗೆ ಬೆಳಕು ಬಿಟ್ಟು ನೋಡುತ್ತಿದ್ದರು.

"ಅಮ್ಮಾ, ಕಣ್ಣಿನ ಮುಂದ ಗಾಜಿನಂಥ ಪದರು ಇರ್ತದ. ಅದು ಪೂರಾ ಊದ್ಯಾದ. ಇಷ್ಟು ಊದಿದ್ರೂ ನೋವಿಲ್ಲ ಅಂತಾಳ. ಧೂಳಿಗೆ ಹಿಂಗ ಆಗೋದು ನಾ ನೋಡಿಲ್ಲ. ಸರಿ ನೆನಪು ಮಾಡ್ಕೊಂಡು ಹೇಳ್ರಿ, ಏನ್ ಬಿದ್ದಿತ್ತು?"

"ಧೂಳ್ರಿ ಅವ್ವಾರ" ಎಂದಳು ಭೀಮಬಾಯಿ.

"ನೋಡ್ರಿ, ಹೊಲದ ಧೂಳು ಬಿದ್ದು ಒಳಗ ಬೂಷ್ಟು ಹಿಡಿದಿದ್ರ ಒಂದು ಔಷಧ. ಗಿಡದ ಹಾಲು, ಸುಣ್ಣ, ಇಂಥಾದ್ದು ಬಿದ್ದಿದ್ರ ಬ್ಯಾರೆನೇ ಔಷಧ. ಅದಕ್ಕ ಹಾಕೋದು ಇದಕ್ಕ ಹಾಕಿದ್ರ ಕಣ್ಣೇ ಹೋಗಬಹುದು. ಅದಕ್ಕೇ ಮತ್ತ ಮತ್ತ ಕೇಳಾಕತ್ತೀನಿ."

"ಖರೇನೇ ಧೂಳ್ರಿ. ಟೀಚರ್ ಕಣ್ಣಾರೆ ನೋಡ್ಯಾರ." ಭೀಮಬಾಯಿ ತಿರುಗಿದಳು, ಬಾಗಿಲಲ್ಲಿ ಕಸ್ತೂರಿಬಾಯಿಯನ್ನು ಕಂಡು ಅವಳ ಮುಖ ಅರಳಿತು. "ಇಗಾ, ಬಂದೇ ಬಿಟ್ರು ನೋಡ್ರಿ ಪುಣ್ಯಾತಗಿತ್ತಿ. ಅವರನ್ನೇ ಕೇಳ್ರಿ."

ಮೂರೂ ಜನ ಅವಳ ಕಡೆ ತಿರುಗಿದರು. ರಮಾಳ ಒಂದು ಕಣ್ಣು ಮಾತ್ರ ಅವಳ ಮೇಲೆ ನಿಂತಿತ್ತು, ಇನ್ನೊಂದು ಎಲ್ಲೋ ಇತ್ತು. ಪುಣ್ಯಾತಗಿತ್ತಿ ಎಂಬ ಮಾತು ಕಸ್ತೂರಿಬಾಯಿಯ ಎದೆಗೆ ಹೊಡೆಯಿತು. ಬೈದಿದ್ದರೆ ಅವಳು ಇನ್ನೂ ಒಂದು ಸುಳ್ಳು ಹೇಳುತ್ತಿದ್ದಳೋ ಏನೋ.

"ಧೂಳಲ್ಲ ಡಾಕ್ಟರ್" ಎಂದಳು. ದನಿ ಎಷ್ಟು ಸಣ್ಣದಿತ್ತೆಂದರೆ ಅಂಬರೀನ್ "ಏನಂದ್ರಿ?" ಎಂದು ಕೇಳಬೇಕಾಯಿತು. ಆಗ ಅವಳು ಹಾಳೆಯನ್ನು ಮೇಜಿನ ಮೇಲಿಟ್ಟು, ಒಣಗಿ ಹಳದಿಗಟ್ಟಿದ ಅಂಟಿನ ಮೇಲೆ ಬೆರಳಿಟ್ಟಳು. "ಎಕ್ಕಿ ಹಾಲು. ಹೋದ ಶನಿವಾರ. ಅಂಟಿಗೆ ನಾನೇ ತೆಗೆಸಿದ್ದು. ಇಲ್ಲಿ ಮಾರಿ ಅಂಟಿಸ್ಬೇಕಾದ್ರ ದಂಟು ಮುರಿದಳು, ಸಿಡೀತು. ಅಕಿ ಬ್ಯಾಡ ಅಂದಿದ್ದಳು. ನಾ ನಕ್ಕು ಮಾಡಿಸ್ದೆ. ಧೂಳು ಅಂತ ಸುಳ್ಳು ಹೇಳಿದ್ದೂ ನಾನೇ."

ಅಂಬರೀನ್ ಚೀಟಿಯಲ್ಲಿ ಬರೆದದ್ದನ್ನು ಹೊಡೆದುಹಾಕಿ ಬೇರೆ ಬರೆದರು. ಎಕ್ಕೆ ಹಾಲು ಕಣ್ಣಿನ ನೋವನ್ನೇ ಮರಗಟ್ಟಿಸಿಬಿಡುತ್ತದೆ, ಅದಕ್ಕೇ ಮಗು ಅಳಲಿಲ್ಲ ಎಂದು ಹೇಳಿದರು. ಮೊದಲ ದಿನವೇ ಬಂದಿದ್ದರೆ ಬಹುಪಾಲು ಪೂರ್ತಿ ತಿಳಿಯಾಗುತ್ತಿತ್ತು. ಈಗ ಆರು ದಿನ ಕಳೆದಿವೆ, ಔಷಧ ಶುರು ಮಾಡುತ್ತೇನೆ, ಎಷ್ಟು ಬರುತ್ತದೆ ಎಂದು ಮಾತು ಕೊಡಲಾರೆ ಎಂದರು.

ಭೀಮಬಾಯಿ ಬಹಳ ಹೊತ್ತು ಹಾಳೆಯನ್ನೇ ನೋಡಿದಳು. ತನ್ನ ಸೀರೆ, ತನ್ನ ಕೂದಲು, ಮುಖವಿಲ್ಲದ ತಾನು. ಆಮೇಲೆ ಟೀಚರ್ ಕಡೆ ತಿರುಗಿ ಮೆಲ್ಲಗೆ ಅಂದಳು: "ಸೋಮಾರ ದಿನ ರೊಟ್ಟಿ ಮಾಡ್ತಾ ನಾ ಕೇಳ್ದೆ ರೀ, ಎಕ್ಕಿ ಗಿಕ್ಕಿ ಮುಟ್ಟಿದ್ದೇನ ಅಂತ. ಸುಮ್ನ ಕುಂತಳು. ಮಂಗಳಾರ ನೀವು ಹೇಳಿದ ಮ್ಯಾಲ ಮತ್ತ ಕೇಳ್ದೆ. ಇಲ್ಲ ಆಯಿ, ಧೂಳ, ಟೀಚರ್ ಹೇಳ್ಯಾರಲ್ಲ ಅಂದಳು. ಟೀಚರ್ ಹೇಳ್ಯಾರ ಅಂದ ಮ್ಯಾಲ ನನ್ನ ಮಾತು ನಾನೇ ನಂಬಲಿಲ್ಲ."

ಕಸ್ತೂರಿಬಾಯಿ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಅತ್ತಳು. ಸಮಾಧಾನ ಮಾಡಲು ಯಾರೂ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ಮರುದಿನ ಶನಿವಾರ ಅವಳು ಮಾಲೆ ಕಟ್ಟಲಿಲ್ಲ. ನಡೆದದ್ದನ್ನೆಲ್ಲ ಎರಡು ಹಾಳೆ ಬರೆದು ಸಹಿ ಹಾಕಿ ಹಣಮಂತರಾಯರ ಮೇಜಿನ ಮೇಲಿಟ್ಟಳು. ಅವರು ಓದಿ, "ಇದು ಮ್ಯಾಲಕ್ಕ ಕಳಿಸಲೇಬೇಕೇನ್ರಿ?" ಎಂದು ಕೇಳಿದರು. "ಕಳಿಸ್ರಿ" ಎಂದಳು. ಹತ್ತನೇ ದಿನ ಇಲಾಖೆಯ ನೋಟೀಸು ಬಂತು. ಮಕ್ಕಳು ಅವಳ ಮುಂದೆ ಪಿಸುಗುಡುವುದನ್ನು ಕಲಿತರು. ಅದೆಲ್ಲ ಅವಳಿಗೆ ಈಗ ದೊಡ್ಡದೆನಿಸಲಿಲ್ಲ. ಬೆಳಿಗ್ಗೆ ಎದ್ದರೆ ಒಂದೇ ವಿಚಾರ, ಇವತ್ತು ಆ ಕಣ್ಣಿಗೆ ಎಷ್ಟು ಕಂಡೀತು?

ಹದಿನೈದು ದಿನಕ್ಕೆ ಮತ್ತೆ ತೋರಿಸಬೇಕಿತ್ತು. ಕಲಬುರಗಿಯ ಬಸ್‌ಸ್ಟ್ಯಾಂಡಿನಲ್ಲಿ ಕಸ್ತೂರಿಬಾಯಿ ಕಾದು ನಿಂತಿದ್ದಳು. ಭೀಮಬಾಯಿ ಬರಬ್ಯಾಡ ಅನ್ನಲಿಲ್ಲ, ಬರ್ರಿ ಅಂತಲೂ ಅನ್ನಲಿಲ್ಲ. ಆಟೋದಲ್ಲಿ ರಮಾ ನಡುವೆ ಕೂತಿದ್ದಳು. ಟೀಚರ್ ಸಣ್ಣಗಾಗಿದ್ದಾಳೆ, ಕಣ್ಣ ಕೆಳಗೆ ಕಪ್ಪಾಗಿದೆ ಎಂಬುದನ್ನು ಆ ಹುಡುಗಿ ತನ್ನ ಒಂದೇ ಕಣ್ಣಿನಿಂದ ಚೆನ್ನಾಗಿ ನೋಡಿಕೊಂಡಳು.

ಒಳಗೆ ಅಂಬರೀನ್ ರಮಾಳ ಬಲಗಣ್ಣಿನ ಮೇಲೆ ಹತ್ತಿಯಿಟ್ಟು ಪಟ್ಟಿ ಹಚ್ಚಿ, "ಒಂದು ನಿಮಿಷ, ಬಂದೆ" ಎಂದು ಪಕ್ಕದ ಕೋಣೆಗೆ ಹೋದರು. ಕಸ್ತೂರಿಬಾಯಿಗೆ ಆ ಒಂದು ನಿಮಿಷ ತಡೆಯಲಾಗಲಿಲ್ಲ. ಚೀಲದಿಂದ ಹಾಳೆ ಎಳೆದು ಹುಡುಗಿಯ ಮುಂದೆ ಹಿಡಿದಳು.

"ರಮಾ, ಇದು ನಿನ್ನ ಹಾಳಿ. ಕಾಣ್ತದೇನವ್ವ?"

"ಕಾಣ್ತದ್ರಿ ಟೀಚರ್." ಹುಡುಗಿ ತಡಮಾಡದೆ ನಕ್ಕಳು. "ಚೊಲೋ ಕಾಣ್ತದ. ಆಯಿ ಸೀರಿ, ಬೇಲಿ, ನಿಮ್ಮ ಟಿಕೇಟು, ಎಲ್ಲಾ ಕಾಣ್ತಾವ್ರಿ. ನೀವೇನ್ ಚಿಂತಿ ಮಾಡಬ್ಯಾಡ್ರಿ."

ಕಸ್ತೂರಿಬಾಯಿಯ ಬಾಯಿಂದ "ಬಸವಾ" ಎಂಬ ಮಾತು ಹೊರಟಿತು. ಕೈ ಮುಗಿಯಬೇಕೆಂದು ಹಾಳೆಯನ್ನು ತನ್ನ ಕಡೆ ತಂದವಳು ಹಾಗೇ ನಿಂತಳು. ಗಡಿಬಿಡಿಯಲ್ಲಿ ಅವಳು ಹಾಳೆಯನ್ನು ತಿರುವುಮುರುವಾಗಿ ಹಿಡಿದಿದ್ದಳು. ಸೀರೆ, ಬೇಲಿ, ಆಕಾಶ ಎಲ್ಲ ಅವಳ ಕಡೆಗಿದ್ದವು. ಹುಡುಗಿಯ ಕಡೆಗಿದ್ದದ್ದು ರಟ್ಟಿನ ಬೆನ್ನು, ಸಾಬೂನಿನ ಕಂಪನಿಯ ನೀಲಿ ಅಕ್ಷರ.

ಗೋಡೆಗೆ ಆತು ನಿಂತಿದ್ದ ಭೀಮಬಾಯಿಯೂ ನೋಡಿದ್ದಳು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಕಸ್ತೂರಿಬಾಯಿ ಹಾಳೆಯನ್ನು ಕೆಳಗಿಟ್ಟು ಹುಡುಗಿಯ ಮುಂದೆ ಮೊಣಕಾಲೂರಿ ಕೂತಳು. ಆ ಪುಟ್ಟ ಕೈಗಳನ್ನು ಹಿಡಿದುಕೊಂಡಳು.

"ರಮಾ, ನನ್ನ ಸಲುವಾಗಿ ಹೇಳಬ್ಯಾಡ. ನಾ ಅಳಲಿ, ನನ್ನ ನೌಕ್ರಿ ಹೋಗಲಿ, ಅದು ನಿನ್ನ ಕೆಲಸಲ್ಲ. ಖರೆ ಹೇಳು. ಏನ್ ಕಾಣ್ತದ?"

ಹುಡುಗಿ ಮೂರು ವಾರ ಒಳಗೇ ಹಿಡಿದಿಟ್ಟಿದ್ದೆಲ್ಲ ಅಳುವಾಗಿ ಬಂತು.

"ಕಾಣೋದಿಲ್ರಿ ಟೀಚರ್. ಹೊಗಿ ತುಂಬಿದಂಗದ. ಏನೋ ಹಿಡದು ನಿಂತೀರಿ ಅನ್ನೋದಷ್ಟ ಗೊತ್ತಾಗ್ತದ. ನನಗ ಅಂಜಿಕಿ ಬರ್ತದ್ರಿ."

ಭೀಮಬಾಯಿ ಬಂದು ಮೊಮ್ಮಗಳ ತಲೆಯನ್ನು ತನ್ನ ಹೊಟ್ಟೆಗೆ ಅವುಚಿಕೊಂಡಳು. ಅಷ್ಟರಲ್ಲಿ ಅಂಬರೀನ್ ಕೈಯಲ್ಲಿ ಚೀಟಿ ಹಿಡಿದು ಬಂದು, "ಹಾಂ, ಹೆಂಗದ ಈಗ? ಸುಧಾರಿಸ್ಯಾದೇನು?" ಎಂದು ಕೇಳಿದರು. ಕೇಳಿದ್ದು ರೂಢಿಯಂತೆ ದೊಡ್ಡವರನ್ನು, ಟೀಚರನ್ನೇ.

ಎಕ್ಕೆ ಗಿಡದ ಹತ್ತಿರ ಈ ಹುಡುಗಿ ಖರೆ ಹೇಳಿದ ದಿನ ಕಸ್ತೂರಿಬಾಯಿ ನಕ್ಕಿದ್ದಳು. ಈಗ ನೆಲದಿಂದ ಎದ್ದು ಪಕ್ಕಕ್ಕೆ ಸರಿದು ನಿಂತಳು.

"ನನ್ನ ಕೇಳಬ್ಯಾಡ್ರಿ ಡಾಕ್ಟರ್" ಎಂದಳು. "ಅಕಿನ್ನ ಕೇಳ್ರಿ. ಅಕಿ ಏನ್ ಹೇಳ್ತಾಳ, ಅದನ್ನ ಹಂಗೇ ಬರಕೋರಿ."